ಎಷ್ಟನೇ ದಿನ ಎಂದು ಕೇಳುತ್ತಿದ್ದ ಪಿ.ಟಿ. ಮಿಸ್

ನಮ್ಮ ಪಿ.ಟಿ. ಮಿಸ್ ಅವರ ಎಡಗಾಲಿನ ಮುಂಭಾಗದಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವೆ, ಅರ್ಧ ನಿಂಬೆಹಣ್ಣನ್ನು ಕವುಚಿಟ್ಟಂಥ ಒಂದು ಉಬ್ಬಿತ್ತು. ಅವರು ಸೀರೆಯ ನೆರಿಗೆಯನ್ನು ಗೇಣುದ್ದ ಮೇಲೆ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದುದರಿಂದ ಅದು ಎಲ್ಲರಿಗೂ ಕಾಣುತ್ತಿತ್ತು. ಚಳಿಗಾಲದ ಬೆಳಗ್ಗೆ ಪ್ರಾರ್ಥನೆ ನಡೆಯುವಾಗ ಬಲಗಾಲಿನ ಶೂನಿಂದ ಆ ಉಬ್ಬನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದರು. ನಡೆಯುವಾಗ ಎಡಗಾಲು ಅರೆಗಳಿಗೆ ತಡೆದು ನೆಲ ಮುಟ್ಟುತ್ತಿತ್ತು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದವರು ಮೊದಲ ವಾರ ಅದನ್ನು ನೋಡಿ ಪಿಸುಗುಡುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಮರೆತುಬಿಡುತ್ತಿದ್ದರು.

ಕೊಡಿಗೇಹಳ್ಳಿಯ ಆ ಅನುದಾನಿತ ಹೈಸ್ಕೂಲಿನಲ್ಲಿ ನಾನು ಓದಿದ್ದು 2008ರಿಂದ 2011ರವರೆಗೆ. ಅಷ್ಟು ಹೊತ್ತಿಗೆ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೂರಂತಸ್ತಿನ ಮನೆಗಳು ಎದ್ದಿದ್ದವು. ಅಂಥ ಮನೆಗಳನ್ನು ಕಟ್ಟುವವರಿಗೆ ಸೆಂಟ್ರಿಂಗ್ ಹಲಗೆ, ಕಬ್ಬಿಣದ ಶೀಟು, ಕಂಬಗಳನ್ನು ಬಾಡಿಗೆಗೆ ಕೊಡುವುದು ಅಪ್ಪನ ಕೆಲಸವಾಗಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಹೊರಗೆ ಏನೆಲ್ಲ ಬದಲಾಗಿದ್ದರೂ ಮನೆಯೊಳಗಿನ ಒಂದು ಕಟ್ಟಳೆ ಹಾಗೇ ಇತ್ತು. ತಿಂಗಳಿಗೆ ಮೂರು ದಿನ ನಾನೂ ಅಮ್ಮನೂ ನಮ್ಮ ನಮ್ಮ ಸರದಿಯಲ್ಲಿ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಬೇಕು. ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ. ಅಜ್ಜಿ ಅದನ್ನು ‘ಒರ್ಗಾಗದು’ ಅನ್ನುತ್ತಿದ್ದರು. ಅಮ್ಮ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಕಣ್ಣಲ್ಲೇ ಸನ್ನೆ. ಕ್ಲಾಸಿನ ಹುಡುಗಿಯರು ‘ಡೇಟ್’ ಅನ್ನುತ್ತಿದ್ದೆವು. ಮುಟ್ಟು ಎಂಬ ಪದವನ್ನು ದನಿ ತಗ್ಗಿಸದೆ ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಪಿ.ಟಿ. ಮಿಸ್ ಬಾಯಲ್ಲಿ.

ಆಟದ ಪೀರಿಯಡ್ಡಿನಲ್ಲಿ ಯಾರಾದರೂ ಹುಡುಗಿ ಹೋಗಿ, “ಮಿಸ್, ಹೊಟ್ಟೆನೋವು” ಅಂದರೆ ಅವರು ಬೈಯುತ್ತಿರಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನುತ್ತಿರಲಿಲ್ಲ.

“ಎಷ್ಟನೇ ದಿನ?” ಅಷ್ಟೇ ಕೇಳುತ್ತಿದ್ದರು.

“ಎರಡನೇ ದಿನ ಮಿಸ್.”

“ಹೋಗಿ ಕೂತ್ಕೋ. ನೋವು ಕಡಿಮೆ ಆದ್ರೆ ಎದ್ದು ನಾಲ್ಕು ಹೆಜ್ಜೆ ಹಾಕು, ಇನ್ನೂ ಕಡಿಮೆ ಆಗುತ್ತೆ.”

ಆಮೇಲೆ ಹಾಜರಿ ಪುಸ್ತಕದ ಕೊನೆಯ ಹಾಳೆ ತೆಗೆದು ಆ ಹುಡುಗಿಯ ನಂಬರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ ತಾರೀಖು ಬರೆಯುತ್ತಿದ್ದರು. ಆಟ ತಪ್ಪಿಸಲು ಸುಳ್ಳು ಹೇಳುವವರನ್ನು ಹಿಡಿಯುವುದಕ್ಕೆ ಈ ಗೀಟು ಎಂದು ನಾವೆಲ್ಲ ನಂಬಿದ್ದೆವು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಹುಡುಗರನ್ನು ವಾಲಿಬಾಲ್ ಆಡಲು ಕಳಿಸಿ, ನಮ್ಮನ್ನು ಡ್ರಾಯಿಂಗ್ ಕೋಣೆಗೆ ಕರೆದುಕೊಂಡು ಹೋದರು. ವಿಜ್ಞಾನದ ಪುಸ್ತಕದಲ್ಲಿರುವ ಆ ಚಿತ್ರ ಬರೆಯುತ್ತಾರೆ ಎಂದು ನಾವು ಆಗಲೇ ಒಬ್ಬರನ್ನೊಬ್ಬರು ತಿವಿದುಕೊಂಡು ನಗತೊಡಗಿದ್ದೆವು. ಅವರು ಬೋರ್ಡಿನ ಮೇಲೆ ಒಂದು ಕ್ಯಾಲೆಂಡರ್ ಬರೆದರು. ಮೂರನೇ ತಾರೀಖಿಗೆ ಒಂದು ಸುತ್ತು ಹಾಕಿದರು.

“ಇವತ್ತು ಶುರುವಾಯ್ತು ಅಂತ ಇಟ್ಕೊಳಿ. ಇದು ಒಂದನೇ ದಿನ. ನಿಂತ ದಿನದಿಂದ ಎಣಿಸಬಾರ್ದು, ಶುರುವಾದ ದಿನದಿಂದ ಎಣಿಸ್ಬೇಕು. ಮುಂದಿನ ಸಲ ಶುರುವಾಗೋವರೆಗೆ ಎಷ್ಟು ದಿನ ಆಯ್ತು, ಅದು ನಿಮ್ಮ ಲೆಕ್ಕ. ಪಕ್ಕದವಳ ಲೆಕ್ಕ ನೋಡಿ ಕಾಪಿ ಹೊಡೀಬೇಡಿ.”

ಹಿಂದಿನ ಬೆಂಚಿನವಳೊಬ್ಬಳು ಧೈರ್ಯ ಮಾಡಿ ಎದ್ದಳು. “ಮಿಸ್, ನಂಗೆ ಒಂದ್ಸಲ ಇಪ್ಪತ್ತಾರು ದಿನಕ್ಕಾಯ್ತು, ಇನ್ನೊಂದ್ಸಲ ನಲವತ್ತಕ್ಕೆ. ಅದು ತಪ್ಪಾ?”

“ಶುರುವಾಗಿ ಎಷ್ಟು ದಿನ ಆಯ್ತು ನಿಂಗೆ?”

“ಹೋದ್ ವರ್ಷ ಮಿಸ್.”

“ಹಂಗಾದ್ರೆ ಏನೂ ತಪ್ಪಿಲ್ಲ. ಮೊದಲ ಎರಡು ಮೂರು ವರ್ಷ ಮೈ ಇನ್ನೂ ಅಭ್ಯಾಸ ಮಾಡ್ತಿರುತ್ತೆ. ಒಂದ್ಸಲ ಬೇಗ, ಒಂದ್ಸಲ ತಡ. ಆದ್ರೆ ಇದನ್ನ ಕೇಳಿಸ್ಕೊಳಿ.” ಚಾಕ್‌ಪೀಸಿನಿಂದ ಬೋರ್ಡನ್ನು ಕುಟ್ಟಿದರು. “ಮೂರು ತಿಂಗಳು ಕಾದ್ರೂ ಬರ್ಲಿಲ್ಲ, ಏಳು ದಿನ ಕಳೆದ್ರೂ ನಿಲ್ಲಲಿಲ್ಲ, ಗಂಟೆಗೊಂದು ಪ್ಯಾಡ್ ಸಾಲ್ತಿಲ್ಲ, ನೋವಿಗೆ ಎದ್ದು ನಿಲ್ಲೋಕೇ ಆಗ್ತಿಲ್ಲ. ಇದ್ರಲ್ಲಿ ಯಾವ್ದಾದ್ರೂ ಒಂದು ಆದ್ರೂ ಮನೇಲಿ ಹೇಳ್ಬೇಕು. ಮನೇಲಿ ಹೇಳೋಕಾಗ್ಲಿಲ್ಲ ಅಂದ್ರೆ ನನ್ ಹತ್ರ ಬರ್ಬೇಕು.”

ಅದನ್ನೆಲ್ಲ ನಾನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಪೂರ್ತಿ ಮರೆತೆ.

ಮರೆಯಲು ಕಾರಣ ಓಟ. ಎಂಟುನೂರು ಮೀಟರಿನಲ್ಲಿ ಶಾಲೆಯಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ. ಓಡಲು ಕಲಿಸಿದ್ದೂ ಪಿ.ಟಿ. ಮಿಸ್. ಅವರಿಗೆ ಒಂದು ಹಟವಿತ್ತು. ಖಾಲಿ ಹೊಟ್ಟೆಯಲ್ಲಿ ಯಾರೂ ಓಡಕೂಡದು. ಸ್ಟೀಲ್ ಡಬ್ಬಿಯಲ್ಲಿ ಹುರಿದ ಕಡಲೆಬೀಜ, ಬೆಲ್ಲ ತರುತ್ತಿದ್ದರು. “ತಿಂದ್ಯಾ? ಏನ್ ತಿಂದೆ? ಎಷ್ಟು ತಿಂದೆ?” ಎಂದು ಮೂರು ಪ್ರಶ್ನೆ ಕೇಳಿದ ಮೇಲೆಯೇ ಸ್ಟಾಪ್‌ವಾಚ್ ಒತ್ತುತ್ತಿದ್ದುದು. ಆದರೆ 2010ರ ಬೇಸಿಗೆ ರಜೆಯಲ್ಲಿ ನಾನು ಗೆಳತಿಯ ಜೊತೆ ಜಕ್ಕೂರಿನ ಕಡೆ ಒಂದು ಮೈದಾನಕ್ಕೆ ಹೋಗತೊಡಗಿದೆ. ಅಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಿದ್ದ ಕೋಚ್ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರು ಕೆಜಿ ಇಳಿಸಿದರೆ ಐದು ಸೆಕೆಂಡ್ ಇಳಿಯುತ್ತೆ, ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಆಯ್ಕೆ ಗ್ಯಾರಂಟಿ ಎಂದರು. ಕೆಟ್ಟ ಮನುಷ್ಯರೇನಲ್ಲ. ಅವರಿಗೆ ಗೊತ್ತಿದ್ದುದು ಅಷ್ಟೇ.

ನಾನು ಮುದ್ದೆ ಬಿಟ್ಟೆ. ಅನ್ನವನ್ನು ಒಂದು ಹಿಡಿಗೆ ಇಳಿಸಿದೆ. ಬೆಳಗ್ಗೆ ರೈಲ್ವೆ ಹಳಿಯ ಪಕ್ಕದ ಮಣ್ಣುದಾರಿಯಲ್ಲಿ ಓಟ, ಸಂಜೆ ಶಾಲೆಯಲ್ಲಿ ಓಟ. ಮಿಸ್ ಕೇಳುವ ಮೂರು ಪ್ರಶ್ನೆಗೂ ಸುಳ್ಳು ಉತ್ತರ ಕೊಟ್ಟೆ. ಐದು ಸೆಕೆಂಡೇನೋ ಇಳಿಯಿತು. ಮೇ ತಿಂಗಳ ನಂತರ ಮುಟ್ಟೂ ನಿಂತಿತು.

ನಿಜ ಹೇಳಬೇಕೆಂದರೆ ನನಗೆ ಭಯವಾಗಲಿಲ್ಲ, ಖುಷಿಯಾಯಿತು. ಬಟ್ಟೆಯ ಚಿಂತೆಯಿಲ್ಲ, ನೋವಿಲ್ಲ, ಅಭ್ಯಾಸ ತಪ್ಪುವುದಿಲ್ಲ. ಮನೆಯಲ್ಲಿ ಗೊತ್ತಾದರೆ ಓಟ ಬಿಡಿಸುತ್ತಾರೆ ಎಂಬುದಷ್ಟೇ ಚಿಂತೆ. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ತಾರೀಖಿಗೆ ಸಣ್ಣ ಚುಕ್ಕೆ ಇಡುತ್ತಿದ್ದುದು ನನಗೆ ಗೊತ್ತಿತ್ತು. ಹಾಗಾಗಿ ಪ್ರತಿ ತಿಂಗಳು ಆ ತಾರೀಖಿನ ಆಚೀಚೆ ನಾನೇ ಹೋಗಿ ಸಣ್ಣ ಕೋಣೆಯಲ್ಲಿ ಕೂತೆ. ಏನೂ ಆಗದಿದ್ದರೂ ಮೂರು ದಿನ ಬೇರೆ ತಟ್ಟೆಯಲ್ಲಿ ಉಂಡೆ, ಬೇರೆ ಚಾಪೆಯ ಮೇಲೆ ಮಲಗಿದೆ, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡೆ. ಹೀಗೆ ಐದು ತಿಂಗಳು ನಡೆಯಿತು. ಮನೆಯವರಿಗೆ ಕಿಂಚಿತ್ತೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಪಿ.ಟಿ. ಮಿಸ್‌ಗೆ. ತಾಲ್ಲೂಕು ಮಟ್ಟದಲ್ಲಿ ಮೊದಲ ಸ್ಥಾನ ಬಂದು, ಜಿಲ್ಲಾ ಮಟ್ಟಕ್ಕೆ ಎರಡು ವಾರವಿತ್ತು. ಅಕ್ಟೋಬರಿನ ಒಂದು ಮಧ್ಯಾಹ್ನ ಆಟದ ಸಾಮಾನಿನ ಕೋಣೆಗೆ ಕರೆದರು. ಹಾಜರಿ ಪುಸ್ತಕದ ಕೊನೆಯ ಹಾಳೆ ತೆರೆದಿತ್ತು.

“ಹೋದ ವರ್ಷ ಪೂರ್ತಿ ತಿಂಗಳು ತಿಂಗಳಿಗೆ ಬಂದು ಹೇಳಿದ್ದೀಯ. ಈ ವರ್ಷ ಜೂನ್‌ನಿಂದ ಒಂದ್ಸಲಾನೂ ಹೇಳಿಲ್ಲ.”

“ಈಗ ನೋವು ಬರಲ್ಲ ಮಿಸ್.”

“ನೋವು ಕೇಳ್ಲಿಲ್ಲಮ್ಮ. ಆಗ್ತಿದ್ಯಾ ಅಂತ ಕೇಳ್ದೆ.”

ನಾನು ನೆಲ ನೋಡಿದೆ. ಅವರು ಕಾದರು. ಅವರಿಗೆ ಕಾಯುವುದು ಚೆನ್ನಾಗಿ ಗೊತ್ತಿತ್ತು.

“ಮೇ ತಿಂಗಳಲ್ಲಿ ಆಗಿದ್ದು.”

ಅವರು ಬೈಯುತ್ತಾರೆ ಎಂದುಕೊಂಡೆ. ನನ್ನ ಮುಂಗೈಯನ್ನು ಹಿಡಿದು, ಮಣಿಕಟ್ಟಿನ ಸುತ್ತ ತಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿದರು. ಬೆರಳು ಸೇರಿ ಇನ್ನೂ ಜಾಗ ಉಳಿಯಿತು. ಆಮೇಲೆ ಮೇಜಿನ ಮೇಲಿದ್ದ ಜಿಲ್ಲಾ ಮಟ್ಟದ ಪಟ್ಟಿಯನ್ನು ತೆಗೆದುಕೊಂಡು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ.

ನಾನು ಅತ್ತೆ, ಕಾಲು ಹಿಡಿಯಲು ಹೋದೆ. ಅವರು ಅಲ್ಲಾಡಲಿಲ್ಲ. “ಡಾಕ್ಟರ್ ಓಡು ಅಂದ್ರೆ ಓಡು. ಅಲ್ಲೀವರೆಗೆ ಇಲ್ಲ.” ಆಗ ನನ್ನ ಬಾಯಿಂದ ಬಂದ ಮಾತನ್ನು ಇವತ್ತಿಗೂ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು.

“ನೀವು ಕುಂಟ್ತೀರ ಅಂತ ನಾನೂ ಓಡಬಾರ್ದಾ?”

ಮಿಸ್ ಪುಸ್ತಕ ಮುಚ್ಚಿದರು. “ಭಾನುವಾರ ನಿಮ್ಮನೆಗೆ ಬರ್ತೀನಿ. ನಾಳೆ ತಿಂಡಿ ತಿಂದ್ಕೊಂಡ್ ಬಾ” ಎಂದರು.

ಹೇಳಿದಂತೆ ಭಾನುವಾರ ಹನ್ನೊಂದು ಗಂಟೆಗೆ ಬಂದರು. ಅಪ್ಪ ಸೈಟಿಗೆ ಹೋಗಿದ್ದರು. ಅಮ್ಮ ಕುರ್ಚಿ ಹಾಕಿ, ಕಾಫಿ ಕೊಟ್ಟು, “ಏನ್ ಮೇಡಂ, ಸರಿಯಾಗಿ ಓದ್ತಿಲ್ವಾ ಇವ್ಳು?” ಎಂದು ಕೇಳಿದರು.

“ಓದ್ತಾಳೆ. ನಾನು ಬಂದಿದ್ದು ಬೇರೆ ವಿಷ್ಯಕ್ಕೆ. ಇವಳಿಗೆ ಮೇ ತಿಂಗಳಿಂದ ಮುಟ್ಟಾಗಿಲ್ಲ.”

“ಇಲ್ಲ ಮೇಡಂ, ಹೋದ ವಾರ ತಾನೇ ಕೂತಿದ್ಲು...” ಅಮ್ಮನ ಮಾತು ಅರ್ಧಕ್ಕೇ ನಿಂತಿತು. ನನ್ನ ಕಡೆ ತಿರುಗಿದರು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ನನ್ನ ಮುಖದಲ್ಲೇ ಅವರಿಗೆ ಉತ್ತರ ಸಿಕ್ಕಿತು. ಕೆನ್ನೆಗೆ ಬಿದ್ದ ಏಟು ಎಷ್ಟು ಜೋರಾಗಿತ್ತೆಂದರೆ ಕಿವಿಯಲ್ಲಿ ಗುಂಯ್ ಎಂದಿತು.

ಒಳಗಿನಿಂದ ಬಂದ ಅಜ್ಜಿ ತಲೆಯ ಮೇಲೆ ಕೈ ಹೊತ್ತು ಹೊಸ್ತಿಲ ಮೇಲೆ ಕುಸಿದರು. “ಅಯ್ಯೋ ಮನೆ ಆಳಾಯ್ತಲ್ಲೋ. ಐದು ತಿಂಗ್ಳು! ಯಾರೇ ಅವ್ನು? ಯಾರ್ ಮನೆ ಉಡ್ಗ ಏಳೇ!”

ಅವರು ಏನು ಕೇಳುತ್ತಿದ್ದಾರೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ಮತ್ತೆ ಕೈಯೆತ್ತಿದಾಗ ಮಿಸ್ ಎದ್ದು ನಮ್ಮಿಬ್ಬರ ನಡುವೆ ನಿಂತರು. ದನಿ ಏರಿಸಲಿಲ್ಲ.

“ಹೊಡೆದ್ರೆ ಗೊತ್ತಾಗಲ್ಲಮ್ಮ, ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ. ನೀವು ಯಾವ ಅನುಮಾನ ಪಡ್ತಿದ್ದೀರೋ ಡಾಕ್ಟರ್ ಕೂಡ ಮೊದ್ಲು ಅದನ್ನೇ ನೋಡ್ತಾರೆ. ಹತ್ತು ನಿಮಿಷದ ಕೆಲಸ. ನಿಲ್ಲೋಕೆ ಇನ್ನೂ ನೂರು ಕಾರಣ ಇರುತ್ತೆ. ನಂಗೂ ನಿಂತಿತ್ತು, ಇವಳಿಗಿಂತ ನಾಲ್ಕೈದು ವರ್ಷ ದೊಡ್ಡೋಳಿದ್ದಾಗ. ಎರಡು ವರ್ಷ.”

ಅಮ್ಮನ ಕೈ ಕೆಳಗಿಳಿಯಿತು. ಮಿಸ್ ಮತ್ತೆ ಕುರ್ಚಿಯಲ್ಲಿ ಕೂತು, ಪಾಠ ಒಪ್ಪಿಸುವಂತೆ ಎಲ್ಲವನ್ನೂ ಹೇಳಿದರು. ಹೆಸರಘಟ್ಟದ ಹತ್ತಿರದ ಅವರ ಊರಿನಿಂದ ರಾಜ್ಯ ಮಟ್ಟದವರೆಗೆ ಓಡಿದ ಮೊದಲ ಹುಡುಗಿ ಅವರು. ದಿನಕ್ಕೆ ಎರಡು ಹೊತ್ತು ಓಟ, ಒಂದು ಹೊತ್ತು ಊಟ. ಮುಟ್ಟು ನಿಂತಾಗ ಗುರುಗಳು, ಒಳ್ಳೆಯದೇ ಆಯಿತು, ಈಗ ನೀನು ನಿಜವಾದ ಓಟಗಾರ್ತಿ ಎಂದಿದ್ದರು. ಅವರ ತಾಯಿ ದೇವರಿಗೆ ಹರಕೆ ಹೊತ್ತರು. ಆಸ್ಪತ್ರೆಗೆ ಹೋಗಬೇಕೆಂದು ಯಾರಿಗೂ ತೋಚಲಿಲ್ಲ. ಮುಂದೆ ಒಂದು ಓಟದ ನಡುವೆ ಎಡಗಾಲಿನ ಮೂಳೆ, ಯಾರೂ ತಳ್ಳದೆ, ಎಲ್ಲೂ ಎಡವದೆ, ತಾನಾಗಿ ಬಿರುಕುಬಿಟ್ಟಿತು. ಅದು ಸೊಟ್ಟಗೆ ಕೂಡಿಕೊಂಡಿತು. ವರ್ಷದೊಳಗೆ ಅದೇ ಕಾಲು ಮತ್ತೆ ಮುರಿಯಿತು.

“ಇಪ್ಪತ್ತೆರಡು ವರ್ಷದವಳ ಮೈಯಲ್ಲಿ ಅರವತ್ತು ವರ್ಷದವಳ ಮೂಳೆ ಇದೆ ಅಂದ್ರು ಡಾಕ್ಟರ್. ಗೊತ್ತಾಗಿದ್ದ ಸಂಬಂಧಾನೂ ತಪ್ಪಿಹೋಯ್ತು. ಹೋಗ್ಲಿ ಬಿಡಿ, ಅದಲ್ಲ ವಿಷ್ಯ. ಇವಳ ಕಾಲು ಇನ್ನೂ ಗಟ್ಟಿ ಇದೆ. ನಾಳೆ ರಜಾ ಹಾಕಿದ್ದೀನಿ. ಆಸ್ಪತ್ರೆಗೆ ಬರ್ತೀರಾ?”

ಮರುದಿನ ಯಲಹಂಕದ ಆಸ್ಪತ್ರೆಗೆ ನಾವು ಮೂವರು ಬಸ್ಸಿನಲ್ಲಿ ಹೋದೆವು. ಅಮ್ಮ ನನ್ನ ಪಕ್ಕ ಕೂರಲಿಲ್ಲ. ಲೇಡಿ ಡಾಕ್ಟರ್ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಏನು ತಿನ್ನುತ್ತೀಯ, ಎಷ್ಟು ಓಡುತ್ತೀಯ, ಕೂದಲು ಉದುರುತ್ತದೆಯೇ, ಚಳಿ ಹೆಚ್ಚೇ, ಮನಸ್ಸಿಗೆ ಏನಾದರೂ ಹಿಂಸೆ ಇದೆಯೇ. ಮೂತ್ರದ ಪರೀಕ್ಷೆ, ರಕ್ತ, ಥೈರಾಯ್ಡ್, ಸ್ಕ್ಯಾನ್. ಮೊದಲ ಪರೀಕ್ಷೆಯ ಚೀಟಿ ನೋಡಿ ಡಾಕ್ಟರ್, “ನೀವು ಹೆದರಿದ್ದು ಏನೂ ಇಲ್ಲಮ್ಮ” ಎಂದಾಗ ಅಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ನನ್ನ ಕೆನ್ನೆ ಸವರಿದರು. ಕ್ಷಮಿಸು ಎಂದು ಹೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ.

ಉಳಿದ ವರದಿಗಳು ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಥೈರಾಯ್ಡ್ ಸರಿಯಿದೆ, ಸ್ಕ್ಯಾನ್ ಸರಿಯಿದೆ. ರಕ್ತ ಕಡಿಮೆ, ತೂಕ ತೀರಾ ಕಡಿಮೆ. “ನೀನು ತಿನ್ನೋದಕ್ಕಿಂತ ಓಡೋದು ಜಾಸ್ತಿ. ಮೈಗೆ ಗೊತ್ತಾಗುತ್ತೆ, ಇವಳ ಹತ್ರ ಸಾಕಾಗೋಷ್ಟು ಇಲ್ಲ ಅಂತ. ಹೃದಯ ನಿಲ್ಲಿಸೋಕಾಗಲ್ಲ, ಉಸಿರು ನಿಲ್ಲಿಸೋಕಾಗಲ್ಲ. ಹಾಗಾಗಿ ಇದನ್ನ ನಿಲ್ಲಿಸುತ್ತೆ. ಆದ್ರೆ ಮೂಳೆ ಗಟ್ಟಿಯಾಗೋಕೆ ಬೇಕಾದ ಹಾರ್ಮೋನೂ ಅದರ ಜೊತೇಲೇ ಕಡಿಮೆ ಆಗುತ್ತೆ. ಮಾತ್ರೆ ಕೊಟ್ಟು ತರಿಸೋದು ದೊಡ್ಡ ವಿಷಯ ಅಲ್ಲ, ಆದ್ರೆ ಕಾರಣ ಹಾಗೇ ಉಳಿಯುತ್ತೆ. ಮೊದಲು ಊಟ ಮಾಡು, ಓಟ ಕಡಿಮೆ ಮಾಡು. ಮೂರು ತಿಂಗಳು ನೋಡೋಣ.”

ಆ ಮೂರು ತಿಂಗಳು ಮಿಸ್ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು ಬೇರೆಯವರ ಓಟ ಅಳೆಯಲು ನಿಲ್ಲಿಸಿದರು. ನಾನು ಅವರ ಜೊತೆ ಮಾತು ಬಿಟ್ಟಿದ್ದೆ, ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೇ. ಅವರು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ. ದಿನಾ ಡಬ್ಬಿ ತೆರೆದು ನನ್ನ ಮುಂದೆ ಹಿಡಿಯುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಮನೆಗೂ ಬರುತ್ತಿದ್ದರು. ಅಜ್ಜಿಗೆ ಮೊದಮೊದಲು ಅವರ ಮೇಲೆ ಸಿಟ್ಟು. “ಓಡ್ಸಿದ್ದೂ ಇವ್ರೇ, ನಿಲ್ಸಿದ್ದೂ ಇವ್ರೇ” ಎಂದು ಗೊಣಗುತ್ತಿದ್ದರು. ಒಂದು ದಿನ ಮಿಸ್ ನೇರವಾಗಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತರು.

“ಅಜ್ಜಿ, ನಿಮ್ಮ ಪದ್ಧತಿ ಬಿಡಿ ಅಂತ ನಾನು ಹೇಳೋಕೆ ಬಂದಿಲ್ಲ. ಆ ಕೋಣೇಲಿ ಕೂರ್ಸೋದಾದ್ರೆ ಕೂರ್ಸಿ. ಆದ್ರೆ ಆ ಮೂರು ದಿನ ಅವಳ ತಟ್ಟೇಲಿ ಏನಿದೆ ಅಂತ ನೋಡಿದ್ದೀರಾ? ಅರ್ಧ ಊಟ ಹಾಗೇ ವಾಪಸ್ ಬರ್ತಿತ್ತಂತೆ, ಯಾರೂ ನೋಡ್ಲಿಲ್ಲ.”

ಮಾರನೆಯ ದಿನದಿಂದ ಅಜ್ಜಿ ನನ್ನ ತಟ್ಟೆಯ ಮುಂದೆ ಕೂತರು. ಮುದ್ದೆ, ಬಸ್ಸಾರು, ಹೆಸರುಕಾಳಿನ ಪಲ್ಯ ಮುಗಿಯುವವರೆಗೆ ಏಳುತ್ತಿರಲಿಲ್ಲ. ಫೆಬ್ರವರಿಯ ಕೊನೆಯಲ್ಲಿ, ಪೂರ್ವಸಿದ್ಧತಾ ಪರೀಕ್ಷೆ ನಡೆಯುತ್ತಿದ್ದಾಗ, ಮುಟ್ಟಾಯಿತು. ನಿಜವಾಗಿ ಆದ ಆ ಸಲ ಅಜ್ಜಿ ಸಣ್ಣ ಕೋಣೆಯ ಮಾತೇ ಎತ್ತಲಿಲ್ಲ. “ಪರೀಕ್ಸೆ ಐತೆ, ಮಂಚದ್ಮೇಲೆ ಕೂತ್ಕಂಡು ಓದ್ಕೊ” ಎಂದರು. ಆ ಕೋಣೆಯಲ್ಲಿ ಈಗ ಅಪ್ಪನ ಹಳೆಯ ಹಗ್ಗ, ಗೋಣಿಚೀಲ ಇವೆ. ಕಟ್ಟಳೆ ಮುರಿಯಿತೆಂದು ಯಾರೂ ಸಾರಲಿಲ್ಲ.

ಮಿಸ್‌ಗೆ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು. ಪಿಯುಸಿ ಮುಗಿದ ಮೇಲೆ ಸಿಹಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅಣ್ಣನ ಮನೆಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಸಾಲಾಗಿ ಜೋಡಿಸಿದ ಪುದೀನ ಕುಂಡಗಳು. ನಾನು ತಡವರಿಸುತ್ತ ಆ ದಿನದ ಮಾತನ್ನೆತ್ತಿದೆ.

“ಅದು ನೀನು ಮಾತಾಡಿದ್ದಲ್ಲ ಕಣೇ, ಹಸಿದ ಹೊಟ್ಟೆ ಮಾತಾಡಿದ್ದು” ಎಂದರು. “ನಾನು ನಮ್ಮ ಗುರುಗಳಿಗೆ ಇನ್ನೂ ಕೆಟ್ಟದಾಗಿ ಬೈದಿದ್ದೀನಿ. ಅವರು ನನ್ನ ಓಡಿಸಿದ್ದಕ್ಕೆ.”

ಗೀಟಿನ ಕಥೆಯನ್ನು ಹೇಳಿದ್ದೂ ಅವತ್ತೇ. ನಾವು ಸೇರುವುದಕ್ಕೆ ಕೆಲವು ವರ್ಷ ಮೊದಲು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪದೇ ಪದೇ ಹೊಟ್ಟೆನೋವು ಎಂದು ಬಂದು ಕೂರುತ್ತಿದ್ದಳಂತೆ. ಆಟದಿಂದ ತಪ್ಪಿಸಿಕೊಳ್ಳಲು ನಾಟಕ ಎಂದು ಇವರು ಒಂದು ದಿನ ಎಬ್ಬಿಸಿ ಓಡಿಸಿದರು. ಮಾರನೆಯ ದಿನ ಅವಳು ಪ್ರಾರ್ಥನೆಯಲ್ಲಿ ಬಿದ್ದಳು. ಇಪ್ಪತ್ತು ದಿನಗಳಿಂದ ರಕ್ತ ಸುರಿಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಎರಡು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಅವಳ ಮನೆಯವರು ಮತ್ತೆ ಶಾಲೆಗೆ ಕಳಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಗೀಟು ಹಾಕುವುದು ಶುರುವಾದದ್ದು ಆಮೇಲೆ.

“ಎಷ್ಟನೇ ದಿನ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ನಾನು ಕೇಳ್ಲಿಲ್ಲ. ನಂಗೆ ಆಗಿದ್ದನ್ನ ಅನುಭವಿಸಿದ ಮೇಲೂ ಕೇಳ್ಲಿಲ್ಲ” ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಕಾಲೇಜಿನಲ್ಲಿ ನನ್ನ ಜೊತೆಯವಳೊಬ್ಬಳಿಗೆ ನಾಲ್ಕು ತಿಂಗಳಿಗೊಮ್ಮೆ ಆಗುತ್ತಿತ್ತು, ಗದ್ದದ ಮೇಲೆ ಕೂದಲು ಬರುತ್ತಿತ್ತು. ಅವಳನ್ನೂ ಮಿಸ್ ಹತ್ತಿರ ಕರೆದುಕೊಂಡು ಹೋದೆ. ನನಗೆ ಹೇಳಿದಂತೆ ಅವಳಿಗೂ ಚೆನ್ನಾಗಿ ತಿನ್ನು ಎಂದು ಹೇಳುತ್ತಾರೆಂದು ನಾನು ಕಾದಿದ್ದೆ. “ನಿನ್ನ ಕಾರಣ ಬೇರೆ, ಇವಳ ಕಾರಣ ಬೇರೆ” ಎಂದರು. “ಒಂದೇ ಔಷಧಿ ಊರಿಗೆಲ್ಲ ಹಂಚಬಾರ್ದು. ನಾನು ಡಾಕ್ಟರ್ ಅಲ್ಲಮ್ಮ, ಡಾಕ್ಟರ್ ಬಾಗಿಲವರೆಗೆ ಕರ್ಕೊಂಡು ಹೋಗೋಳು.” ಅವಳಿಗೆ ಪಿಸಿಓಡಿ, ಅಂದರೆ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ, ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಚಿಕಿತ್ಸೆ ಶುರುವಾಯಿತು.

ನಾನು ದೊಡ್ಡ ಓಟಗಾರ್ತಿ ಆಗಲಿಲ್ಲ. ಕಾಲೇಜಿನ ತಂಡದಲ್ಲಿ ಮೂರು ವರ್ಷ ಓಡಿದೆ, ಒಂದೆರಡು ಕಪ್‌ಗಳು ಬಂದವು. ಈಗ ಹೆಬ್ಬಾಳದ ಹತ್ತಿರ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ.

ಮಿಸ್ 2016ರಲ್ಲಿ ನಿವೃತ್ತರಾದರು. 2018ರ ಮಳೆಗಾಲದಲ್ಲಿ ಮಹಡಿಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಬಿದ್ದದ್ದು ಎರಡೇ ಮೆಟ್ಟಿಲು. ಆಪರೇಷನ್ ಆಯಿತು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು, ಆಮೇಲೆ ಎದೆಯಲ್ಲಿ ಸೋಂಕು ಸೇರಿಕೊಂಡಿತು. 2019ರ ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಅವರ ಅಣ್ಣನ ಮಗ ಫೋನ್ ಮಾಡಿದ.

ನಾನು ಶಾಲೆಗೆ ರಜೆ ಹೇಳಿ ಹೊರಡುವಷ್ಟರಲ್ಲಿ ಅಜ್ಜಿ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು. ಆಗ ಅವರಿಗೆ ಎಪ್ಪತ್ನಾಲ್ಕು. ಮಂಡಿನೋವಿನಿಂದಾಗಿ ಸ್ವಂತ ತಂಗಿಯ ಸಾವಿಗೂ ಹೋಗಿರಲಿಲ್ಲ. ಅಪ್ಪ ಬೇಡವೆಂದರೂ ಕೇಳಲಿಲ್ಲ. ಆಟೋದಲ್ಲಿ ಅಮ್ಮ, ನಾನು, ಅಜ್ಜಿ ಹೋದೆವು. ನಡುಮನೆಯಲ್ಲಿ ಮಿಸ್ ಅವರನ್ನು ಮಲಗಿಸಿದ್ದರು. ಹಳೆಯ ವಿದ್ಯಾರ್ಥಿನಿಯರು ತುಂಬಿದ್ದರು, ಕೆಲವರ ಕಂಕುಳಲ್ಲಿ ಮಕ್ಕಳಿದ್ದವು. ಅಜ್ಜಿ ಹೋಗಿ ತಲೆಯ ಹತ್ತಿರ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ.

ಎತ್ತುವ ಮೊದಲು ಹಿರಿಯರೊಬ್ಬರು, “ಬಾಯಿಗೆ ನೀರು ಬಿಡೋರು ಬನ್ನಿ, ಮನೆಯವರು ಮೊದ್ಲು” ಎಂದು ಕರೆದರು. ಅಣ್ಣ ಬಿಟ್ಟರು, ಅತ್ತಿಗೆ ಬಿಟ್ಟರು. ಆಮೇಲೆ ಅಜ್ಜಿ ಗೋಡೆ ಹಿಡಿದು ಎದ್ದು ನಿಂತು ಕೈ ಚಾಚಿದರು.

“ನೀವು ಏನಾಗ್ಬೇಕಮ್ಮ?” ಎಂದು ಆ ಹಿರಿಯರು ಕೇಳಿದರು.

“ತಾಯಿ” ಎಂದರು ಅಜ್ಜಿ.

ಅಜ್ಜಿಗೆ ಅರುಳುಮರುಳು ಶುರುವಾಯಿತೇನೋ ಎಂದು ನಾನು ಹೆದರಿದೆ. ಆದರೆ ಮಿಸ್‌ನ ಅತ್ತಿಗೆ ಏನೂ ಕೇಳದೆ ನೀರಿನ ಉದ್ಧರಣೆಯನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ನೀರು ಬಿಟ್ಟು, ಮಿಸ್‌ನ ಹಣೆಯ ಕೂದಲನ್ನು ಹಿಂದಕ್ಕೆ ಸವರಿದರು.

ಮನೆಗೆ ಬಂದು ಮೂವರೂ ಸ್ನಾನ ಮಾಡಿದ ಮೇಲೆ ಅಜ್ಜಿ ಹಿತ್ತಿಲ ಕಲ್ಲಿನ ಮೇಲೆ ಕೂತು ಹೇಳಿದರು. ಐದು ವರ್ಷದ ಹಿಂದಿನ ಮಾತು. ಮುಟ್ಟು ನಿಂತು ಇಪ್ಪತ್ತು ವರ್ಷವಾಗಿದ್ದವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಈ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು ಎಂದು ಎರಡು ತಿಂಗಳು ಬಾಯಿಬಿಡಲಿಲ್ಲ.

“ನಿಮ್ಮಪ್ಪನ್ಗೆ ಯೆಂಗ್ ಏಳ್ಲಿ? ಸೊಸೆಗೆ ಯೆಂಗ್ ಏಳ್ಲಿ? ಆಯಮ್ಮ ಬಂದಿದ್ಲು. ಯಾಕಜ್ಜಿ ಮಖ ಇಂಗಾಗದೆ ಅಂದ್ಲು. ಅವ್ಳೊಬ್ಳಿಗೇ ಏಳ್ದೆ ಕಣವ್ವ. ನಿಂತ್ಮೇಲೆ ಒಂದ್ ತೊಟ್ಟು ಕಂಡ್ರೂ ಸುಮ್ಕೆ ಕೂರಂಗಿಲ್ಲ, ನಾಳೇನೇ ಓಗ್ಬೇಕು ಅಂದ್ಲು.”

ಬಾಗಲೂರಿನ ನೆಂಟರ ಮನೆಗೆ ಹೋಗಿ ಎರಡು ದಿನ ಇದ್ದು ಬರುತ್ತೇನೆಂದು ಅಜ್ಜಿ ಹೋಗಿದ್ದುದು ನಮಗೆಲ್ಲ ನೆನಪಿತ್ತು. ಹೋಗಿದ್ದು ಆಸ್ಪತ್ರೆಗೆ. ಗರ್ಭಕೋಶದೊಳಗೆ ಒಂದು ಸಣ್ಣ ಗಂಟಿತ್ತು. ತೆಗೆದು ಪರೀಕ್ಷೆಗೆ ಕಳಿಸಿದರು. ಅದೃಷ್ಟಕ್ಕೆ ಕೆಟ್ಟದ್ದಾಗಿರಲಿಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಬೇಕೆಂದರು. ಪ್ರತಿ ವರ್ಷ ಮಿಸ್ ಬಂದು, ಅಜ್ಜಿಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪನಿಗೆ ಹೇಳಿ, ಕರೆದುಕೊಂಡು ಹೋಗುತ್ತಿದ್ದರು.

“ಆಪ್ರೇಸನ್ಗೆ ಒಂದ್ ಕಾಗ್ದ ಕೊಟ್ರು. ನಿಮ್ಗೆ ಇವ್ರು ಏನಾಗ್ಬೇಕು ಅಂತ ಆಯಮ್ಮನ್ನ ಕೇಳಿದ್ರು. ನಾನು ಮೇಸ್ಟ್ರಮ್ಮ ಅನ್ನಕ್ಕೋದೆ. ಅಷ್ಟ್ರಲ್ಲಿ ಮಗಳು ಅಂತ ಬರ್ದು ಸೈನ್ ಆಕುದ್ಲು.” ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. “ಅವತ್ತು ಅವ್ಳು ಬರ್ದಿದ್ನ ನಾನು ಇವತ್ತು ಬಾಯ್ಬಿಟ್ಟು ಏಳ್ದೆ. ಇದ್ದಾಗ ಏಳ್ಳಿಲ್ಲ.”

ಅಮ್ಮ ಒಳಗೆ ಹೋಗಿ ಅಜ್ಜಿಗೆ ಊಟ ಬಡಿಸಿ ತಂದರು. ಪಿ.ಟಿ. ಮಿಸ್‌ನ ಋಣ ನನ್ನೊಬ್ಬಳ ಮೇಲಿದೆ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ.

ಅಜ್ಜಿಯ ಆ ವರ್ಷದ ಪರೀಕ್ಷೆ ಮಾರ್ಚಿನಲ್ಲಿತ್ತು. ನಾನೇ ಕರೆದುಕೊಂಡು ಹೋದೆ. ಎಲ್ಲಿಗೆ, ಯಾತಕ್ಕೆ ಎಂದು ಅಪ್ಪನಿಗೆ ಹೇಳಿಯೇ ಹೋದೆವು.